ಶಾಲಾ ಮಕ್ಕಳ ಬೆಳಗಿನ ಉಪಾಹಾರ: ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಪೋಷಕರ ಮಾಹಿತಿಗಾಗಿ

ಪೀಠಿಕೆ

ರಾತ್ರಿ 8 ಗಂಟೆಗೆ ಊಟ ಮುಗಿಸಿ ಮಲಗುವ ಮಗುವು ಬೆಳಿಗ್ಗೆ ಏನನ್ನೂ ಸೇವಿಸದೆ ಶಾಲೆಗೆ ತೆರಳಿದಲ್ಲಿ, ಅದಕ್ಕೆ ಮುಂದಿನ ಊಟ ದೊರೆಯುವುದು ಮಧ್ಯಾಹ್ನ ಸುಮಾರು 1 ಗಂಟೆಗೆ. ಈ ಎರಡು ಊಟಗಳ ನಡುವಿನ ಅಂತರವು 17 ಗಂಟೆಗಳಷ್ಟಾಗುತ್ತದೆ. ದೊಡ್ಡವರು ಉಪವಾಸದ ದಿನ ಸಹ ಹಾಲು, ಹಣ್ಣು ಅಥವಾ ಅವಲಕ್ಕಿಯನ್ನು ಸೇವಿಸುವುದು ರೂಢಿ. ಬೆಳೆಯುವ ಮಗುವಿಗೆ ಮಾತ್ರ ಒಂದು ಲೋಟ ಚಹಾ ಮತ್ತು ಎರಡು ಬಿಸ್ಕತ್ತು ಸಾಕೆಂದು ಭಾವಿಸುವ ಮನೆಗಳು ಇಂದಿಗೂ ಇವೆ.

ಮೆದುಳಿಗೆ ಗ್ಲೂಕೋಸ್ ಪ್ರಮುಖ ಇಂಧನವಾಗಿದೆ. ರಾತ್ರಿಯ ವೇಳೆಯಲ್ಲಿ ಇದನ್ನು ಒದಗಿಸುವ ಯಕೃತ್ತಿನ ಸಂಗ್ರಹವು ಮಕ್ಕಳಲ್ಲಿ ಚಿಕ್ಕದಾಗಿರುವುದರಿಂದ ಬೆಳಗಿನ ಹೊತ್ತಿಗೆ ಅದು ಬಹುಮಟ್ಟಿಗೆ ತೀರಿರುತ್ತದೆ. ಪ್ರಾರ್ಥನೆಯ ಸಮಯದಲ್ಲಿ ತಲೆಸುತ್ತು ಬರುವುದು, ಎರಡನೆಯ ಅಥವಾ ಮೂರನೆಯ ಅವಧಿಯಲ್ಲಿ ತೂಕಡಿಸುವುದು, ಹೊಟ್ಟೆನೋವೆಂದು ಹೇಳುವುದು, ಇವುಗಳಿಗೆ ಹಲವು ಬಾರಿ ಹಸಿವೇ ಕಾರಣವಾಗಿರುತ್ತದೆ. ಇಂತಹ ಮಗುವನ್ನು ಸೋಮಾರಿ ಎಂದು ಗದರಿಸುವುದಕ್ಕೆ ಮುನ್ನ ಬೆಳಿಗ್ಗೆ ಏನು ತಿಂದಿತೆಂದು ವಿಚಾರಿಸುವುದು ಸೂಕ್ತ.

ಈ ನಾಲ್ಕು ತಾಲ್ಲೂಕುಗಳಲ್ಲಿ ಉತ್ತಮ ಉಪಾಹಾರಕ್ಕೆ ಬೇಕಾದ ಪದಾರ್ಥಗಳ ಕೊರತೆ ಇಲ್ಲ. ರಾಗಿ, ಹುರಳಿ, ಅವರೆ, ಕಡಲೆಕಾಯಿ, ಸೊಪ್ಪು, ಟೊಮೆಟೊ, ಹಾಲು ಎಲ್ಲವೂ ಇಲ್ಲಿಯೇ ಬೆಳೆಯುವ ಅಥವಾ ಉತ್ಪಾದನೆಯಾಗುವ ವಸ್ತುಗಳು. ಆದರೆ ಹಾಲು ಡೇರಿಗೆ, ಟೊಮೆಟೊ ಮಂಡಿಗೆ ಹೋಗಿ, ಮಗುವಿನ ತಟ್ಟೆಗೆ ಅಂಗಡಿಯ ಪೊಟ್ಟಣ ಬರುತ್ತಿದೆ. ಈ ಮಾಹಿತಿಯನ್ನು ಸಿದ್ಧಪಡಿಸಲಾಗಿರುವುದು ಮುಖ್ಯವಾಗಿ ಈ ಕಾರಣಕ್ಕಾಗಿ.

ಶಾಲೆಯಲ್ಲಿ ದೊರೆಯುವುದು ಮತ್ತು ದೊರೆಯದಿರುವುದು

ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಆರಂಭಗೊಂಡು, 2003ರಲ್ಲಿ ಉಳಿದ ಜಿಲ್ಲೆಗಳಿಗೆ ವಿಸ್ತರಣೆಯಾಯಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಜಾರಿಗೆ ಬಂದು, 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿ.ಲೀ. ಹಾಲನ್ನು ಮಕ್ಕಳಿಗೆ ನೀಡುವ ವ್ಯವಸ್ಥೆಯಾಯಿತು. 2024ರ ಫೆಬ್ರವರಿಯಲ್ಲಿ ವಾರಕ್ಕೆ ಮೂರು ದಿನ ಈ ಹಾಲಿನೊಂದಿಗೆ ರಾಗಿ ಮಾಲ್ಟ್ ನೀಡುವ ಕಾರ್ಯಕ್ರಮ ಆರಂಭವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಿತರಣೆಯನ್ನು ವಾರದ ಆರು ದಿನಗಳಿಗೆ ಹೆಚ್ಚಿಸಲಾಯಿತು. ಮೊಟ್ಟೆ ಸೇವಿಸದ ಮಕ್ಕಳಿಗೆ ಬಾಳೆಹಣ್ಣು ನೀಡಲಾಗುತ್ತದೆ.

ಇವೆಲ್ಲವೂ ಮಗುವಿನ ಪೋಷಣೆಗೆ ಗಣನೀಯ ಪ್ರಮಾಣದಲ್ಲಿ ನೆರವಾಗುತ್ತವೆಯಾದರೂ ಮನೆಯ ಉಪಾಹಾರಕ್ಕೆ ಬದಲಿಯಲ್ಲ. “ಶಾಲೆಯಲ್ಲಿ ಹಾಲು ಕೊಡುತ್ತಾರೆ, ಮನೆಯಲ್ಲಿ ಬೇಡ” ಎಂಬ ಧೋರಣೆ ಸರಿಯಲ್ಲ. 150 ಮಿ.ಲೀ. ಹಾಲಿನಲ್ಲಿರುವ ಶಕ್ತಿಯು ಸುಮಾರು 110 ಕಿಲೋಕ್ಯಾಲರಿ ಮಾತ್ರ. ಅಲ್ಲದೆ, ಅನುದಾನರಹಿತ ಖಾಸಗಿ ಶಾಲೆಗಳ ಮಕ್ಕಳಿಗೆ ಈ ಸೌಲಭ್ಯಗಳು ಅನ್ವಯಿಸುವುದಿಲ್ಲ. ದೂರದ ಹಳ್ಳಿಗಳಿಂದ ಶಾಲಾ ವಾಹನದಲ್ಲಿ ಬೆಳಿಗ್ಗೆ 7 ಗಂಟೆಗೇ ಹೊರಡುವ ಈ ಮಕ್ಕಳ ಸ್ಥಿತಿ ಕೆಲವೊಮ್ಮೆ ಸರ್ಕಾರಿ ಶಾಲೆಯ ಮಕ್ಕಳಿಗಿಂತ ಕಷ್ಟಕರವಾಗಿರುತ್ತದೆ. ಶನಿವಾರದಂದು ತರಗತಿಗಳು ಬೆಳಿಗ್ಗೆ ಬೇಗನೆ ಆರಂಭವಾಗುವುದರಿಂದ ಆ ದಿನ ಉಪಾಹಾರ ತಪ್ಪುವ ಸಂಭವ ಹೆಚ್ಚು ಎಂಬುದನ್ನೂ ಪೋಷಕರು ಗಮನಿಸತಕ್ಕದ್ದು.

ರಾಗಿಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು 7ರಿಂದ 8 ಮಿಲಿಗ್ರಾಂ. ಕಬ್ಬಿಣಾಂಶವು ರಾಗಿಯಲ್ಲಿ 4.6 ಮಿಲಿಗ್ರಾಂ ಇದ್ದರೆ ಅಕ್ಕಿಯಲ್ಲಿ 1 ಮಿಲಿಗ್ರಾಂಗಿಂತ ಕಡಿಮೆ. ನಾರಿನಂಶವು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ನಾರಿನಂಶ ಹೆಚ್ಚಿರುವ ಆಹಾರ ನಿಧಾನವಾಗಿ ಜೀರ್ಣವಾಗುವುದರಿಂದ, ರಾಗಿ ರೊಟ್ಟಿ ತಿಂದ ಮಗುವಿಗೆ ಹನ್ನೊಂದು ಗಂಟೆಗೇ ಹಸಿವಾಗುವುದಿಲ್ಲ. ಇದು ಹಿರಿಯರು ಕೋಷ್ಟಕವಿಲ್ಲದೆಯೇ ತಿಳಿದಿದ್ದ ವಿಷಯ.

ಒಂದು ದಿನದ ಉಪಾಹಾರವನ್ನು ಜಮಾ-ಖರ್ಚಿನ ರೀತಿಯಲ್ಲಿ ಪರಿಶೀಲಿಸಬಹುದು. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕಿಲೋಕ್ಯಾಲರಿ ಶಕ್ತಿ, 23 ಗ್ರಾಂ ಸಸಾರಜನಕ (ಪ್ರೋಟೀನು) ಮತ್ತು 650 ಮಿಲಿಗ್ರಾಂ ಸುಣ್ಣದ ಅಂಶ ಅಗತ್ಯವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸು ತಿಳಿಸುತ್ತದೆ. ಆ ಮಗುವಿಗೆ 60 ಗ್ರಾಂ ಹಿಟ್ಟಿನ ಎರಡು ಚಿಕ್ಕ ರಾಗಿ ರೊಟ್ಟಿ, 20 ಗ್ರಾಂ ಕಡಲೆಬೀಜದ ಚಟ್ನಿ, ಒಂದು ಟೀ ಚಮಚ ಎಣ್ಣೆ ಮತ್ತು 150 ಮಿ.ಲೀ. ಹಾಲು ನೀಡಲಾಯಿತೆಂದು ಇಟ್ಟುಕೊಳ್ಳೋಣ. ಆಗ ದೊರೆಯುವುದು ಸುಮಾರು 450 ಕಿಲೋಕ್ಯಾಲರಿ, ಸುಮಾರು 14 ಗ್ರಾಂ ಸಸಾರಜನಕ ಮತ್ತು ಸುಮಾರು 400 ಮಿಲಿಗ್ರಾಂ ಸುಣ್ಣದ ಅಂಶ. ಅಂದರೆ ದಿನದ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು, ಸಸಾರಜನಕ ಮತ್ತು ಸುಣ್ಣದ ಅಂಶಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಶಾಲೆಯ ಗಂಟೆ ಬಾರಿಸುವ ಮೊದಲೇ ಜಮಾ ಆದಂತಾಯಿತು. ಉಳಿದುದನ್ನು ಎರಡು ಊಟಗಳು ಸುಲಭವಾಗಿ ತುಂಬಿಕೊಡಬಲ್ಲವು.

ಈ ಲೆಕ್ಕದಲ್ಲಿ ಒಂದು ಕಡಿತವನ್ನೂ ತೋರಿಸಬೇಕಾಗುತ್ತದೆ. ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ವಸ್ತುಗಳ ಕಾರಣದಿಂದ ಅದರ ಖನಿಜಾಂಶವೆಲ್ಲವೂ ದೇಹಕ್ಕೆ ದಕ್ಕುವುದಿಲ್ಲ. ರಾಗಿಯನ್ನು ಮೊಳಕೆ ಕಟ್ಟಿದಾಗ ಈ ಅಡ್ಡಿ ಕಡಿಮೆಯಾಗುತ್ತದೆ. ರಾತ್ರಿ ನೆನೆಹಾಕಿದ ರಾಗಿಯನ್ನು ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಂದರಿಂದ ಎರಡು ದಿನಗಳಲ್ಲಿ ಮೊಳಕೆ ಒಡೆದ ನಂತರ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಹದವಾಗಿ ಹುರಿದು ಮಿಲ್ಲಿನಲ್ಲಿ ಬೀಸಿಸಿಟ್ಟುಕೊಂಡರೆ ಗಂಜಿಗೆ ಉತ್ತಮ ಹಿಟ್ಟು ಸಿದ್ಧವಾಗುತ್ತದೆ. ಮೊಳಕೆ ಹಿಟ್ಟಿನ ಗಂಜಿ ತೆಳುವಾಗಿರುವುದರಿಂದ ಹೆಚ್ಚು ಹಿಟ್ಟನ್ನು ಬಳಸಲು ಸಾಧ್ಯ. ಉದ್ದಿನಬೇಳೆಯೊಂದಿಗೆ ರುಬ್ಬಿ ಹುದುಗು ಬರಿಸಿದ ರಾಗಿ ದೋಸೆಯಿಂದಲೂ ಇದೇ ಪ್ರಯೋಜನವಿದೆ. ಮೂರು ಪಾಲು ರಾಗಿ ಹಿಟ್ಟಿಗೆ ಒಂದು ಪಾಲು ಉದ್ದಿನಬೇಳೆ ಸಾಕಾಗುತ್ತದೆ. ಡಿಸೆಂಬರ್ ಮತ್ತು ಜನವರಿಯ ಚಳಿಯಲ್ಲಿ ಕೋಲಾರದ ಕಡೆ ಹಿಟ್ಟು ಬೇಗ ಹುದುಗುವುದಿಲ್ಲವಾದ್ದರಿಂದ ಸಂಜೆಯೇ ಕಲಸಿ ಒಲೆಯ ಬಳಿ ಬೆಚ್ಚಗಿನ ಜಾಗದಲ್ಲಿ ಇಡುವುದು ಒಳ್ಳೆಯದು.

ಹಿಂದಿನ ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಹಾಕಿ ಕುಡಿಯುವುದು ಹಿಂದೆ ಈ ಭಾಗದ ರೈತ ಕುಟುಂಬಗಳ ಸಾಮಾನ್ಯ ಬೆಳಗಿನ ಆಹಾರವಾಗಿತ್ತು. ಶುಚಿಯಾದ ಪಾತ್ರೆಯಲ್ಲಿ ಮುಚ್ಚಿಟ್ಟಿದ್ದರೆ ಇದನ್ನು ಮಕ್ಕಳಿಗೂ ಧಾರಾಳವಾಗಿ ನೀಡಬಹುದು. 2023ನೇ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ನಂತರ ನಗರಗಳ ಅಂಗಡಿಗಳಲ್ಲಿ ರಾಗಿಯ ಬೆಲೆಯೂ ಗೌರವವೂ ಏರಿವೆ. ರಾಗಿ ಬೆಳೆಯುವ ಊರಿನಲ್ಲಿ ಮಾತ್ರ ಮಗುವಿನ ಡಬ್ಬಿಯಲ್ಲಿ ರಾಗಿ ರೊಟ್ಟಿ ಕಂಡರೆ ಸಹಪಾಠಿಗಳು ನಗುವರೆಂಬ ಸಂಕೋಚ ಉಳಿದಿದೆ. ಈ ಸಂಕೋಚವನ್ನು ಮಕ್ಕಳು ಕಲಿತಿರುವುದು ದೊಡ್ಡವರಿಂದಲೇ ಆಗಿರುವ ಕಾರಣ, ಅದನ್ನು ಹೋಗಲಾಡಿಸುವ ಕೆಲಸವೂ ಅವರಿಂದಲೇ ಆಗಬೇಕಾಗಿದೆ.

ಅಕ್ಕಿ, ರವೆ ಮತ್ತು ಅವಲಕ್ಕಿಯ ತಿಂಡಿಗಳು

ಪ್ರತಿದಿನವೂ ರಾಗಿಯನ್ನೇ ನೀಡಬೇಕೆಂಬ ನಿಯಮವೇನೂ ಇಲ್ಲ. ಮುಳಬಾಗಿಲಿನ ದೋಸೆಯ ಹೆಸರು ಬೆಂಗಳೂರಿನ ಹೋಟೆಲುಗಳ ಫಲಕಗಳವರೆಗೂ ಹೋಗಿದೆ. ಆ ಊರಿನ ಮಕ್ಕಳಿಗೆ ದೋಸೆ ಬೇಡವೆಂದು ಹೇಳುವುದು ಸಾಧುವಲ್ಲ, ಸಾಧ್ಯವೂ ಅಲ್ಲ. ಅಕ್ಕಿಯ ಜೊತೆ ಉದ್ದು ಸೇರುವುದರಿಂದ ದೋಸೆ ಮತ್ತು ಇಡ್ಲಿಯ ಸಸಾರಜನಕದ ಗುಣಮಟ್ಟ ಬರಿಯ ಅನ್ನಕ್ಕಿಂತ ಉತ್ತಮವಾಗಿರುತ್ತದೆ. ಎಣ್ಣೆ ಮಿತವಾಗಿರಲಿ, ಆಲೂಗಡ್ಡೆ ಪಲ್ಯಕ್ಕಿಂತ ಕಡಲೆಬೀಜ ಅಥವಾ ಹುರಿಗಡಲೆಯ ಚಟ್ನಿ ಹೆಚ್ಚಿರಲಿ.

ಚಿತ್ರಾನ್ನವನ್ನು ಹೆಚ್ಚಿನ ಮನೆಗಳಲ್ಲಿ ರಾತ್ರಿಯ ಅನ್ನದಿಂದ ಐದು ನಿಮಿಷದಲ್ಲಿ ಮಾಡಲಾಗುತ್ತದೆ. ಅದರಲ್ಲಿ ಒಂದು ಹಿಡಿ ಕಡಲೆಬೀಜ ಮತ್ತು ಧಾರಾಳವಾಗಿ ನಿಂಬೆರಸ ಇದ್ದರೆ ಅದು ಉಪಾಹಾರ, ಇಲ್ಲದಿದ್ದರೆ ಅರಿಶಿನ ಬೆರೆಸಿದ ಅನ್ನ ಮಾತ್ರ. ಉಪ್ಪಿಟ್ಟು ಮತ್ತು ಅವಲಕ್ಕಿಗೂ ಇದೇ ಮಾತು ಅನ್ವಯಿಸುತ್ತದೆ. ಚಳಿಗಾಲದ ಸೊಗಡಿನ ಅವರೆಕಾಯಿ ಬಂದಾಗ ಅವರೆಕಾಳಿನ ಉಪ್ಪಿಟ್ಟು, ಅವರೆಕಾಳು ಸೇರಿಸಿದ ಅಕ್ಕಿ ರೊಟ್ಟಿ ಮಾಡುವ ರೂಢಿ ಈ ಜಿಲ್ಲೆಯಲ್ಲಿ ಮೊದಲಿನಿಂದಲೂ ಇದೆ. ಧಾನ್ಯದಲ್ಲಿ ಕಡಿಮೆ ಇರುವ ಅಂಶವನ್ನು ಕಾಳು ತುಂಬಿಕೊಡುವುದರಿಂದ ಇದು ಅತ್ಯುತ್ತಮ ಜೋಡಿ. ಅವರೆ ಇಲ್ಲದ ತಿಂಗಳುಗಳಲ್ಲಿ ಮೊಳಕೆ ಕಟ್ಟಿದ ಹುರಳಿ ಅಥವಾ ಹೆಸರುಕಾಳಿನ ಗುಗ್ಗರಿಯನ್ನು ತಿಂಡಿಯ ಪಕ್ಕಕ್ಕೆ ಹಾಕಬಹುದು. ಹುರಳಿಯಲ್ಲಿ ನೂರಕ್ಕೆ ಸುಮಾರು 22 ಭಾಗ ಸಸಾರಜನಕವಿದ್ದು, ಬೆಲೆಯಲ್ಲಿ ಇತರ ಹಲವು ಕಾಳುಗಳಿಗಿಂತ ಅಗ್ಗ. ದನಗಳಿಗೆ ಬೇಯಿಸಿ ಹಾಕುವ ಕಾಳೆಂದು ಅದನ್ನು ತಾತ್ಸಾರ ಮಾಡಬಾರದು. ಮೊಟ್ಟೆ ಸೇವಿಸುವ ಕುಟುಂಬಗಳಲ್ಲಿ ಬೇಯಿಸಿದ ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ ಉತ್ತಮ ಸಸಾರಜನಕ ದೊರೆಯುತ್ತದೆ.

ಹಣ್ಣಿನ ವಿಷಯದಲ್ಲಿ ಶ್ರೀನಿವಾಸಪುರದವರಿಗೆ ಒಂದು ಅನುಕೂಲವಿದೆ. ಶಾಲೆಗಳು ಪುನರಾರಂಭವಾಗುವ ಜೂನ್ ತಿಂಗಳಿನಲ್ಲಿ ಅಲ್ಲಿ ಮಾವಿನ ಸುಗ್ಗಿ ಇರುತ್ತದೆ. ಮಂಡಿಗೆ ಹೋಗದ, ಗಾತ್ರದಲ್ಲಿ ಚಿಕ್ಕದಾದ ಹಣ್ಣು ಪೋಷಕಾಂಶದಲ್ಲಿ ಚಿಕ್ಕದಲ್ಲ. ಉಳಿದ ಕಾಲದಲ್ಲಿ ಸೀಬೆ, ಪಪ್ಪಾಯಿ, ಬಾಳೆ ಸಾಕು. ಸೇಬು ಕೊಳ್ಳಲಾಗಲಿಲ್ಲವೆಂದು ಕೊರಗುವ ಅಗತ್ಯವಿಲ್ಲ. ಸೀಬೆಯಲ್ಲಿರುವ ‘ಸಿ’ ಜೀವಸತ್ವವು ಸೇಬಿಗಿಂತ ಹಲವು ಪಟ್ಟು ಹೆಚ್ಚು.

ಡೇರಿಗೆ ಹಾಕುವ ಹಾಲು

ಹೈನುಗಾರಿಕೆಯು ಈ ಜಿಲ್ಲೆಯ ಕುಟುಂಬಗಳ ಜೀವನಾಧಾರಗಳಲ್ಲಿ ಒಂದು. ಕೊಳವೆ ಬಾವಿ ಬತ್ತಿದ ವರ್ಷಗಳಲ್ಲಿಯೂ ಮನೆಯನ್ನು ನಡೆಸಿದ್ದು ಹಾಲಿನ ಬಟವಾಡೆ. ಆದ್ದರಿಂದ ಹಾಲನ್ನು ಮಾರಬಾರದೆಂದು ಯಾರೂ ಹೇಳಲಾರರು. ಆದರೆ ಲೆಕ್ಕವನ್ನು ಒಮ್ಮೆ ನೋಡಬೇಕು. ದಿನಕ್ಕೆ 10 ಲೀಟರ್ ಹಾಲು ಹಾಕುವ ಮನೆಯವರು ಇಬ್ಬರು ಮಕ್ಕಳಿಗೆ ತಲಾ 150 ಮಿ.ಲೀ. ಉಳಿಸಿಕೊಂಡರೆ ಅದು 300 ಮಿ.ಲೀ., ಅಂದರೆ ನೂರಕ್ಕೆ 3 ಪಾಲು. ಬಟವಾಡೆಯಲ್ಲಿ 100 ರೂಪಾಯಿಗೆ 3 ರೂಪಾಯಿ ಕಡಿಮೆಯಾಗುತ್ತದೆ. ಬಹಳ ಮನೆಗಳಲ್ಲಿ ಮಕ್ಕಳ ಬಿಸ್ಕತ್ತು ಮತ್ತು ಕುರುಕಲು ತಿಂಡಿಯ ಪೊಟ್ಟಣಗಳಿಗೆ ಇದಕ್ಕಿಂತ ಹೆಚ್ಚು ವ್ಯಯವಾಗುತ್ತಿರುತ್ತದೆ.

ಚಹಾ, ಬಿಸ್ಕತ್ತು ಮತ್ತು ಡಬ್ಬಿಯ ಪೇಯಗಳು

ಮಕ್ಕಳಿಗೆ ಚಹಾ ಮತ್ತು ಕಾಫಿ ಅನಗತ್ಯ. ಚಹಾದಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಸಿಹಿ ಚಹಾ ಹಸಿವನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆಯೇ ಹೊರತು ತಣಿಸುವುದಿಲ್ಲ. ಮೈದಾ, ಸಕ್ಕರೆ ಮತ್ತು ತಾಳೆ ಎಣ್ಣೆ ಮುಖ್ಯವಾಗಿರುವ ಬಿಸ್ಕತ್ತು, ಬನ್ನುಗಳಿಗೂ ಇದೇ ಮಾತು ಸಲ್ಲುತ್ತದೆ. ದಿಢೀರ್ ನೂಡಲ್ಸ್‌ನಲ್ಲಿ ಉಪ್ಪಿನ ಪ್ರಮಾಣ ಅಧಿಕ.

ಹಾಲಿಗೆ ಬೆರೆಸುವ ಡಬ್ಬಿಯ ಪುಡಿಗಳ ಬಗ್ಗೆ ಪೋಷಕರಲ್ಲಿ ವಿಶೇಷ ನಂಬಿಕೆ ಇದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂತಹ ಪೇಯಗಳನ್ನು ‘ಆರೋಗ್ಯ ಪೇಯ’ ಎಂಬ ವರ್ಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿತು. ಡಬ್ಬಿಯ ಹಿಂಬದಿಯಲ್ಲಿ ಪದಾರ್ಥಗಳನ್ನು ಹೆಚ್ಚಿನ ಪ್ರಮಾಣದಿಂದ ಕಡಿಮೆ ಪ್ರಮಾಣದ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಸಕ್ಕರೆಯ ಹೆಸರು ಮೊದಲ ಎರಡು ಮೂರರಲ್ಲಿ ಇದ್ದರೆ ಹಣ ಯಾವುದಕ್ಕೆ ಸಂದಾಯವಾಗುತ್ತಿದೆಯೆಂದು ತಿಳಿಯುತ್ತದೆ. ಮನೆಯಲ್ಲಿ ಮಾಡಿದ ರಾಗಿ ಹುರಿಹಿಟ್ಟನ್ನು ಹಾಲು ಮತ್ತು ಸ್ವಲ್ಪ ಬೆಲ್ಲದೊಂದಿಗೆ ಕಲಸಿ ನೀಡಿದರೆ ಈ ಖರ್ಚು ಪೂರ್ತಿ ಉಳಿಯುತ್ತದೆ. ಬೆಲ್ಲವೂ ಸಕ್ಕರೆಯ ರೂಪವೇ ಆಗಿರುವುದರಿಂದ ಮಿತಿ ಅಗತ್ಯ.

ಹೆಣ್ಣುಮಕ್ಕಳು ಮತ್ತು ರಕ್ತಹೀನತೆ

2019-20ರಲ್ಲಿ ರಾಜ್ಯದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಇದರ ಬೇರು ಶಾಲಾ ವಯಸ್ಸಿನಲ್ಲಿಯೇ ಇರುತ್ತದೆ. 10ರಿಂದ 12 ವರ್ಷದ ಹುಡುಗನಿಗೆ ದಿನಕ್ಕೆ 16 ಮಿಲಿಗ್ರಾಂ ಕಬ್ಬಿಣಾಂಶ ಶಿಫಾರಸು ಮಾಡಲಾಗಿದ್ದರೆ, ಅದೇ ವಯಸ್ಸಿನ ಹುಡುಗಿಗೆ 28 ಮಿಲಿಗ್ರಾಂ. ವಾಸ್ತವದಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ನೀರು ಹಿಡಿಯುವುದು, ಅಂಗಳ ಗುಡಿಸುವುದು, ತಮ್ಮ ತಂಗಿಯರನ್ನು ಸಿದ್ಧಪಡಿಸುವುದು, ತಲೆ ಬಾಚಿ ಜಡೆ ಹಾಕಿಕೊಳ್ಳುವುದು ಇವೆಲ್ಲವನ್ನೂ ಮುಗಿಸುವಷ್ಟರಲ್ಲಿ ಬಸ್ಸಿನ ಸಮಯವಾಗಿ, ತಿಂಡಿ ಬಿಟ್ಟು ಓಡುವವಳು ಮನೆಯ ಹಿರಿಯ ಹುಡುಗಿ. ಬೆಳಗಿನ ಕೆಲಸಗಳನ್ನು ಮನೆಯ ಎಲ್ಲರಲ್ಲಿಯೂ ಹಂಚಿ, ಅವಳು ಕುಳಿತು ತಿನ್ನಲು ಹತ್ತು ನಿಮಿಷ ದೊರೆಯುವಂತೆ ಮಾಡುವುದು ಯಾವುದೇ ಪದಾರ್ಥದ ಆಯ್ಕೆಗಿಂತ ಮೊದಲು ಆಗಬೇಕಾದ ಕೆಲಸ.

ಹೊಲದ ಬದುಗಳಲ್ಲಿ ಸಿಗುವ ಬೆರಕೆ ಸೊಪ್ಪು, ಹಿತ್ತಲಿನ ನುಗ್ಗೆ ಸೊಪ್ಪು ಇವುಗಳನ್ನು ಹೆಚ್ಚಿ ರೊಟ್ಟಿಯ ಹಿಟ್ಟಿಗೆ ಸೇರಿಸಬಹುದು. ಸಸ್ಯಮೂಲದ ಕಬ್ಬಿಣಾಂಶವು ದೇಹಕ್ಕೆ ಸೇರಲು ಹುಳಿ ಹಣ್ಣುಗಳಲ್ಲಿರುವ ‘ಸಿ’ ಜೀವಸತ್ವ ನೆರವಾಗುತ್ತದೆ. ನಿಂಬೆರಸ, ನೆಲ್ಲಿಕಾಯಿ ಚಟ್ನಿ, ಸೀಬೆ ಹಣ್ಣು, ಹಸಿ ಟೊಮೆಟೊ ಇವುಗಳಲ್ಲಿ ಒಂದು ಜೊತೆಗಿದ್ದರೆ ಸಾಕು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದೆನಿಸಿರುವ ಕೋಲಾರದಲ್ಲಿ ಬೆಲೆ ಕುಸಿದ ದಿನಗಳಲ್ಲಿ ಹಣ್ಣನ್ನು ರಸ್ತೆಯ ಬದಿಗೆ ಸುರಿಯುವ ದೃಶ್ಯ ಹೊಸದಲ್ಲ. ಅದರಲ್ಲಿ ನಾಲ್ಕು ಹಣ್ಣು ಮಕ್ಕಳ ತಟ್ಟೆಗೆ ಬಂದರೆ ನಷ್ಟವೇನೂ ಆಗದು. ಶಾಲೆಯಲ್ಲಿ ನೀಡುವ ಕಬ್ಬಿಣಾಂಶದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಕೆಲವು ಮಕ್ಕಳಿಗೆ ವಾಕರಿಕೆ ಬರುತ್ತದೆ. ಅಂತಹ ಮಕ್ಕಳು ಮಾತ್ರೆಯನ್ನು ತ್ಯಜಿಸದೆ ಆಹಾರದ ನಂತರ ಸೇವಿಸತಕ್ಕದ್ದು.

ಅಡುಗೆಯ ನೀರು

ಜಿಲ್ಲೆಯ ಹಲವು ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಮಿತಿಗಿಂತ ಹೆಚ್ಚಾಗಿದೆ. ಕುಡಿಯುವ ನೀರಿನಲ್ಲಿ ಅಪೇಕ್ಷಣೀಯ ಮಿತಿ ಲೀಟರಿಗೆ 1 ಮಿಲಿಗ್ರಾಂ ಆಗಿದ್ದು, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಸಲಾಗಿದೆ. ಇದನ್ನು ಮೀರಿದ ನೀರನ್ನು ದೀರ್ಘಕಾಲ ಬಳಸಿದಲ್ಲಿ ಮಕ್ಕಳ ಶಾಶ್ವತ ಹಲ್ಲುಗಳ ಮೇಲೆ ಹಳದಿ ಅಥವಾ ಕಂದು ಕಲೆಗಳು ಮೂಡಿ, ಮುಂದೆ ಮೂಳೆಗಳಿಗೂ ಹಾನಿಯಾಗುತ್ತದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಹೆಚ್ಚುತ್ತದೆ. ಆದುದರಿಂದ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನು ಕುಡಿಯಲು ಮಾತ್ರ ಮೀಸಲಿಟ್ಟು, ಗಂಜಿ ಮತ್ತು ಅನ್ನವನ್ನು ಕೊಳವೆ ಬಾವಿಯ ನೀರಿನಲ್ಲಿ ಬೇಯಿಸುವ ಪದ್ಧತಿಯನ್ನು ಬಿಡಬೇಕು. ಹಾಲು, ರಾಗಿಯ ಸುಣ್ಣದ ಅಂಶವು ಕರುಳಿನಲ್ಲಿ ಫ್ಲೋರೈಡ್ ಹೀರಿಕೆಯನ್ನು ಕಡಿಮೆ ಮಾಡುತ್ತದೆ. ಚಹಾ ಎಲೆಯಲ್ಲಿ ಫ್ಲೋರೈಡ್ ಇರುವುದು ಮಕ್ಕಳಿಗೆ ಚಹಾ ಬೇಡವೆನ್ನಲು ಮತ್ತೊಂದು ಕಾರಣ.

ಬೆಳಗಿನ ಪಾಳಿಗೆ ತೆರಳುವ ಪೋಷಕರು

ಮಾಲೂರಿನ ಕೈಗಾರಿಕಾ ಪ್ರದೇಶ ಮತ್ತು ಇಟ್ಟಿಗೆ ಕಾರ್ಖಾನೆಗಳಿಗೆ, ಕೋಲಾರ ತಾಲ್ಲೂಕಿನ ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ, ರೈಲಿನಲ್ಲಿ ಬೆಂಗಳೂರಿಗೆ ಮುಂಜಾನೆಯೇ ಹೊರಡುವ ತಾಯಂದಿರಿಗೆ ಬಿಸಿ ರೊಟ್ಟಿಯ ಸಲಹೆ ಉಪಯೋಗವಾಗದು. ಇಂತಹ ಮನೆಗಳಲ್ಲಿ ತಣ್ಣಗಾದರೂ ತಿನ್ನಬಹುದಾದ, ಮಕ್ಕಳೇ ಒಲೆ ಹಚ್ಚದೆ ಸಿದ್ಧಪಡಿಸಿಕೊಳ್ಳಬಹುದಾದ ಪದಾರ್ಥಗಳನ್ನು ಆಯ್ದುಕೊಳ್ಳಬೇಕು. ಹುರಿಹಿಟ್ಟು ಮತ್ತು ಕಾಯಿಸಿಟ್ಟ ಹಾಲು, ನೆನೆಸಿದ ಅವಲಕ್ಕಿಗೆ ಮೊಸರು, ಬೆಳಿಗ್ಗೆ ಹೊರಡುವ ಮುನ್ನ ಬೇಯಿಸಿಟ್ಟ ಇಡ್ಲಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣಿನ ಜೊತೆ ಒಂದು ಹಿಡಿ ಹುರಿದ ಕಡಲೆಬೀಜ ಮತ್ತು ಬೆಲ್ಲ, ಇವು ಉಪಯುಕ್ತ. ಕಡಲೆಬೀಜದಲ್ಲಿ ಬೂಷ್ಟು ಹಿಡಿದ ಅಥವಾ ಕಹಿಯಾದ ಬೀಜಗಳನ್ನು ಆರಿಸಿ ಎಸೆಯತಕ್ಕದ್ದು. ಮನೆಯಲ್ಲಿ ಅಜ್ಜಿ ಅಥವಾ ಅಜ್ಜ ಇದ್ದಲ್ಲಿ ಮಗು ತಿಂದಿತೇ ಎಂದು ನೋಡುವ ಹೊಣೆಯನ್ನು ಅವರಿಗೆ ವಹಿಸಬಹುದು; ಯಾರೂ ಇಲ್ಲದ ಮನೆಗಳ ಮಕ್ಕಳಿಗೆ ಡಬ್ಬಿಯಲ್ಲಿ ಕಟ್ಟಿಕೊಟ್ಟು, ತರಗತಿ ಆರಂಭವಾಗುವ ಮೊದಲು ತಿನ್ನಲು ಅವಕಾಶ ನೀಡುವಂತೆ ಮುಖ್ಯೋಪಾಧ್ಯಾಯರನ್ನು ಕೋರಬಹುದು.

ಮಗುವಿನ ತೂಕ ಏರದಿದ್ದಲ್ಲಿ, ಕಣ್ಣಿನ ಒಳರೆಪ್ಪೆ ಬಿಳಚಿಕೊಂಡಿದ್ದಲ್ಲಿ ಅಥವಾ ಉಪಾಹಾರದ ನಂತರವೂ ತಲೆಸುತ್ತು ಮುಂದುವರಿದಲ್ಲಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣುವುದು. ಕೊಳವೆ ಬಾವಿಯ ನೀರಿನ ಪರೀಕ್ಷೆಯ ಬಗ್ಗೆ ಆಯಾ ಗ್ರಾಮ ಪಂಚಾಯಿತಿ ಕಚೇರಿಯಲ್ಲಿಯೂ, ಶಾಲೆಯ ಹಾಲು, ಮೊಟ್ಟೆ ಮತ್ತು ಬಿಸಿಯೂಟದ ಬಗ್ಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿಯೂ ವಿಚಾರಿಸಬಹುದು.